ಕೊಡ ಒಡೆದವರು ಯಾರು

ಬೀದರ ಜಿಲ್ಲೆ ಹೈದರಾಬಾದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಬೇಸಿಗೆ. ಭಾಲ್ಕಿಯ ಮ್ಯಾಜಿಸ್ಟ್ರೇಟ್ ಗೋರಖನಾಥನಿಗೆ ಆಗ ಏನನ್ನು ನೋಡಿದರೂ ಎರಡೆರಡಾಗಿ ಕಾಣುತ್ತಿತ್ತು. ಮೇಜಿನ ಮೇಲೆ ಹಳೆಯ ಸರಕಾರದ ಮೊಹರೂ ಇತ್ತು, ಹೊಸದೂ ಬಂದಿತ್ತು. ಕೋರ್ಟಿನ ಗುಮಾಸ್ತನಾದ ಪೇಶಕಾರ ಇನ್ನೂ ಉರ್ದುವಿನಲ್ಲೇ ಮುಕದ್ದಮೆ ಕೂಗುತ್ತಿದ್ದ. ಬೆಂಗಳೂರಿನಿಂದ ಬರುವ ಹುಕುಮುಗಳು ಇಂಗ್ಲಿಷಿನಲ್ಲಿರುತ್ತಿದ್ದವು. ಕಟಕಟೆಗೆ ಹತ್ತಿದ ಜನ ಮಾತ್ರ ಕನ್ನಡ, ಮರಾಠಿ, ದಖನಿ ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು.

ಮನೆಯಲ್ಲೂ ಹಾಗೆಯೇ. ಹಿಂದಿನ ಚಳಿಗಾಲದಲ್ಲಿ ಬೀದರಿನ ಚಿದ್ರಿಯಲ್ಲಿದ್ದ ಅವರ ಓಣಿಗೆ ಓಣಿಯೇ ಬೌದ್ಧ ದೀಕ್ಷೆ ತೆಗೆದುಕೊಂಡಿತ್ತು. ತಾಯಿ ಜಿಜಾಬಾಯಿ ಗೋಡೆಯ ಗೂಡಿನಲ್ಲಿದ್ದ ದೇವರುಗಳನ್ನು ತಾನೇ ಎತ್ತಿ ನೀರಿಗೆ ಬಿಟ್ಟು ಬಂದಿದ್ದಳು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಅವಳ ಕೈ ಆ ಖಾಲಿ ಗೂಡಿನ ಕಡೆಗೇ ಮುಗಿಯುತ್ತಿತ್ತು. ಮುಗಿದ ಮೇಲೆ ತನ್ನನ್ನೇ ತಾನು ಬೈದುಕೊಳ್ಳುತ್ತಿದ್ದಳು.

ಗೋರಖನಾಥ ಅಸ್ಪೃಶ್ಯವೆನಿಸಿಕೊಂಡಿದ್ದ ತನ್ನ ಸಮಾಜದಲ್ಲಿ ನ್ಯಾಯಾಸನ ಏರಿದ ಮೊದಲಿಗ. ಅವನು ಕುರ್ಚಿಯಲ್ಲಿ ಕೂತಾಗ ಕೆಲವರು ಆಸೆಯಿಂದಲೂ ಕೆಲವರು ಗುಮಾನಿಯಿಂದಲೂ ನೋಡುತ್ತಿದ್ದರು. ಎರಡೂ ನೋಟಗಳು ಅವನಿಗೆ ಗೊತ್ತಾಗುತ್ತಿದ್ದವು. ಯಾರ ಕಡೆಗೂ ವಾಲಬಾರದು ಎಂದು ಮೊದಲ ದಿನವೇ ನಿಶ್ಚಯಿಸಿದ್ದ. ಒಂದೆರಡು ವರ್ಷ ಆ ನಿಶ್ಚಯಕ್ಕೆ ಯಾವ ಪರೀಕ್ಷೆಯೂ ಬರಲಿಲ್ಲ. ಬಂದದ್ದೆಲ್ಲ ಬದುವಿನ ಜಗಳ, ಎತ್ತಿನ ಕಳವು, ಸಂತೆಯ ಹೊಡೆದಾಟ. ಆ ಬೇಸಿಗೆಯಲ್ಲಿ ಅಂಜನಾಬಾಯಿಯ ಮುಕದ್ದಮೆ ಬಂತು.

ಔರಾದ ತಾಲೂಕಿನ ಎಕಂಬಾದಿಂದ ಆಚೆಗೆ ಒಂದು ವಾಡಿ, ಸಣ್ಣ ಹಳ್ಳಿ. ಅಲ್ಲಿ ಸರಕಾರ ತೋಡಿಸಿದ ಬಾವಿಯೊಂದಿತ್ತು. ಅಂಜನಾಬಾಯಿ ಅದೇ ವಾಡಿಯ ಹೆಂಗಸು, ಹೊಸದಾಗಿ ದೀಕ್ಷೆ ತಗೊಂಡ ಮನೆತನದವಳು. ಆರೋಪಿ ಹಣಮಂತಪ್ಪನೂ ಅಲ್ಲಿಯವನೇ, ಕುರಿ ಸಾಕಿಕೊಂಡು, ಮಳೆ ನಂಬಿದ ಒಂದಿಷ್ಟು ಖುಷ್ಕಿ ಹೊಲ ಉತ್ತುಕೊಂಡು ಇದ್ದವನು. ನೀರಿಗೆ ಬಂದ ಅಂಜನಾಬಾಯಿಯನ್ನು ಹಣಮಂತಪ್ಪ ತಡೆದ, ಬಡಿಗೆಯಿಂದ ಅವಳ ಕೊಡ ಒಡೆದ ಎಂದು ಫಿರ್ಯಾದು. ಅಸ್ಪೃಶ್ಯತೆ ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾಯ್ದೆ ಬಂದು ಹೆಚ್ಚು ದಿನವಾಗಿರಲಿಲ್ಲ. ಭಾಲ್ಕಿಯ ಕೋರ್ಟಿಗೆ ಆ ಕಾಯ್ದೆಯಲ್ಲಿ ಬಂದ ಮೊದಲ ಮುಕದ್ದಮೆ ಇದೇ.

ಅಂಜನಾಬಾಯಿ ಕಟಕಟೆ ಹತ್ತಿ ಸೆರಗು ಬಿಗಿದುಕೊಂಡಳು.

"ನೀರಿಗಿ ಹೋಗಿದ್ದೆರಿ ಸಾಹೇಬ. ಹಗ್ಗ ಇನ್ನಾ ಇಳಿಬಿಟ್ಟಿದ್ದಿಲ್ಲ. ಈತ ಕುರಿ ಹೊಡಕೊಂಡು ಬಂದ. ಹಿಂದ ಸರಿ ಅಂದ. ನಾ ಸರೀಲಿಲ್ಲ. ಬಡಿಗಿ ಎತ್ತಿ..."

ಅವಳು ಮಾತು ಮುಗಿಸುವ ಮೊದಲೇ ಗೋರಖನಾಥ ಅದನ್ನು ನಂಬಿಬಿಟ್ಟಿದ್ದ. ನಂಬಿದ ಎನ್ನುವುದಕ್ಕಿಂತ, ಅದನ್ನು ಕಣ್ಣಾರೆ ಕಂಡ ಎನ್ನಬೇಕು. ಚಿದ್ರಿಯ ಅಂಚಿನ ಬಾವಿ. ಅವನಿನ್ನೂ ತಾಯಿಯ ಸೀರೆ ಹಿಡಿದು ನಡೆಯುವ ಹುಡುಗ. ಎತ್ತರದ ಗಂಡಸೊಬ್ಬ, ಕೈಯಲ್ಲಿ ಬಡಿಗೆ. ನೆಲದ ತುಂಬ ಕೊಡದ ಚೂರು. ಅಳುತ್ತಾ ಕೂತ ತಾಯಿ, ಒದ್ದೆಯಾದ ತನ್ನ ಕಾಲು. ಈ ಚಿತ್ರ ಅವನೊಳಗೆ ಬೆಳೆದು ದೊಡ್ಡದಾಗಿತ್ತು. ವಕೀಲಿ ಓದಬೇಕೆಂದು ಹಟ ಹಿಡಿದದ್ದೂ ಅದರಿಂದಲೇ ಎಂದು ಹೈದರಾಬಾದಿನ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದ.

ಅವನಿಗೆ ಒಮ್ಮೆಲೇ ಅಂಜಿಕೆಯಾಯಿತು. ಎದುರಿನವರ ಮಾತು ಕೇಳುವ ಮೊದಲೇ ಹೀಗೆ ನಂಬುವುದೇ? ಇವಳು ನಮ್ಮವಳೆಂದೇ ನಂಬಿದೆನೇ? ಅವನು ಪೆನ್ನು ಕೆಳಗಿಟ್ಟು ನೆಟ್ಟಗೆ ಕೂತ.

"ಕೊಡ ಎಲ್ಲಿತ್ತು? ಕಟ್ಟೀ ಮ್ಯಾಲಿತ್ತೋ, ಟೊಂಕದ ಮ್ಯಾಲಿತ್ತೋ?"

"ಕಟ್ಟೀ ಮ್ಯಾಲರಿ."

"ಪೋಲೀಸರ ಮುಂದ ಟೊಂಕದ ಮ್ಯಾಲಿತ್ತು ಅಂದೀದಿ."

"ಹಾಂ... ಟೊಂಕದ ಮ್ಯಾಲೇ ಇತ್ತೇನೋರಿ. ಇಳಸಲಿಕ್ಕಿ ಹತ್ತಿದ್ದೆ."

"ಬಡಿಗಿ ಯಾವ ಕೈಯಾಗಿತ್ತು?"

"ಅದನ್ನ ಯಾರು ನೋಡ್ತಾರ್ರಿ ಸಾಹೇಬ?"

"ನೋಡಿಲ್ಲಂದ್ರ ಬಡಿಗಿಯಿಂದ ಹೊಡದಾ ಅಂತ ಹ್ಯಾಂಗ ಹೇಳ್ತಿ?"

ಇಷ್ಟು ಬಿಗಿಯಾಗಿ ಅವನು ಯಾವ ಸಾಕ್ಷಿಯನ್ನೂ ಕೇಳಿರಲಿಲ್ಲ. ಸರಕಾರಿ ವಕೀಲ ಕೂಡ ತಲೆ ಎತ್ತಿ ನೋಡಿದ. ಅಂಜನಾಬಾಯಿ ಗಲಿಬಿಲಿಗೊಂಡಳು. ಒಂದಕ್ಕೆ ಇನ್ನೊಂದು ಹೇಳಿದಳು, ತಿದ್ದಿಕೊಂಡಳು. ಕೊನೆಗೆ ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಗುರುತಿನ ಮನೆಯೆಂದು ಬಾಗಿಲು ಬಡಿದರೆ ಒಳಗಿನಿಂದ ಬೇರೆ ಯಾರೋ ಬಂದಂಥ ಬೆರಗಿತ್ತು. ಗೋರಖನಾಥ ಕಣ್ಣು ತಗ್ಗಿಸಿ, ಸಾಕ್ಷಿಯ ಮಾತು ಹಿಂದುಮುಂದಾಗುತ್ತಿದೆ ಎಂದು ಬರೆದುಕೊಂಡ.

ಹಣಮಂತಪ್ಪನ ಪರವಾಗಿ ಬಂದವರು ಮುನೀರೋದ್ದೀನ ಎಂಬ ಹಿರಿಯ ವಕೀಲರು. ನಿಜಾಮರ ಕಾಲದಿಂದಲೂ ಶೇರವಾನಿ ಬಿಡದವರು, ಮಾತಿನಲ್ಲಿ ಬಲು ನಯ. ಅವರು ಎದ್ದು ನಿಂತು ತಲೆಬಾಗಿದರು.

"ಹುಜೂರ್ ಮುಂದ ನನ್ನ ಕಕ್ಷಿದಾರನ ಮುಕದ್ದಮಾ ಬಂದದ್ದು ಅವನ ನಸೀಬ. ಬ್ಯಾರೆಯವರಿದ್ರ ತಮ್ಮವರು ಅಂತ ಒಂದೀಟರೆ ವಾಲ್ತಿದ್ರು. ಹುಜೂರ್ ಕೂದಲಷ್ಟೂ ವಾಲಂಗಿಲ್ಲ ಅಂತ ಇಡೀ ಭಾಲ್ಕಿಗಿ ಗೊತ್ತದ."

ಇದು ಬೆಣ್ಣೆ ಹಚ್ಚುವ ಮಾತೆಂದು ಗೋರಖನಾಥನಿಗೆ ತಿಳಿಯಿತು. ತಿಳಿದೂ ಎದೆಯಲ್ಲಿ ಹಿತವೆನಿಸಿತು.

ಹಣಮಂತಪ್ಪ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. ನಿಧಾನವಾಗಿ, ನೆಲ ನೋಡುತ್ತಾ ಮಾತಾಡಿದ. ಕುರಿಗಳು ಬಾಯಾರಿದ್ದವು, ನೀರಿನ ವಾಸನೆ ಬಂದ ಕೂಡಲೇ ನುಗ್ಗಿದವು, ತಗರು ಹಾಯ್ದು ಕೊಡ ಬಿತ್ತು, ತಾನು ಬಡಿಗೆ ಎತ್ತಿದ್ದು ತಗರಿಗೆ ಎಂದ. ಅವನ ಹೆಂಡತಿಯೂ ಹಾಗೆಯೇ ಹೇಳಿದಳು. ಅಂಜನಾಬಾಯಿಯ ಮೈದುನ, ಬಡಿಗೆ ಬಿದ್ದದ್ದು ಕೊಡಕ್ಕೇ, ದೂರದಿಂದ ನೋಡಿದೆ ಎಂದ. ಬೇರೆ ಯಾರೂ ಸಾಕ್ಷಿಗೆ ಬರಲಿಲ್ಲ.

ತೀರ್ಪಿಗೆ ಮುಂದಿನ ವಾರದ ತಾರೀಖು ಕೊಟ್ಟು ಗೋರಖನಾಥ ಒಳಗೆ ಹೋಗಿ ಕೂತ. ಹಣಮಂತಪ್ಪ ಸತ್ಯವಂತ ಎಂದೇ ಅವನಿಗೆ ಅನ್ನಿಸುತ್ತಿತ್ತು. ಯಾಕೆ ಎಂದು ತನ್ನನ್ನೇ ಕೇಳಿಕೊಂಡ. ನಿಧಾನವಾಗಿ ಮಾತಾಡಿದ, ಒಂದೇ ಮಾತು ಹೇಳಿದ, ಅದಕ್ಕೆ. ಆದರೆ ಅವನನ್ನು ಯಾರೂ ತಡವರಿಸುವ ಹಾಗೆ ಕೇಳಿರಲೇ ಇಲ್ಲವಲ್ಲ? ಅವಳನ್ನು ಕೇಳಿದ ಹಾಗೆ ಅವನನ್ನೂ ಕೇಳಿದ್ದರೆ ಅವನ ಕೊಡವೂ ಕಟ್ಟೆಯಿಂದ ಟೊಂಕಕ್ಕೆ, ಟೊಂಕದಿಂದ ಕಟ್ಟೆಗೆ ಹತ್ತಿ ಇಳಿಯುತ್ತಿತ್ತೋ ಏನೋ.

ಹಾಳೆ ತೆಗೆದು ಬಿಡುಗಡೆಯ ತೀರ್ಪು ಬರೆಯಲು ಕೂತ. ಸರಾಗವಾಗಿ ಬಂತು. ಸಾಕ್ಷಿಯಲ್ಲಿ ವಿರೋಧ, ಮೈದುನ ಹತ್ತಿರದ ಸಂಬಂಧಿ, ಸಂಶಯದ ಲಾಭ ಆರೋಪಿಗೆ. ಓದಿಕೊಂಡರೆ ಎಲ್ಲೂ ಕುಂದಿರಲಿಲ್ಲ. ಇವನು ತನ್ನವರಿಗೂ ರಿಯಾಯಿತಿ ತೋರಿಸಲಿಲ್ಲ ಎಂದು ಜನ ಆಡಿಕೊಳ್ಳುವುದು ಕಿವಿಗೆ ಬಿದ್ದಂತಾಗಿ ಮುಖ ಅರಳಿತು. ಅರಳಿದ್ದು ತನಗೇ ಗೊತ್ತಾಗಿ ಕಸಿವಿಸಿಯಾಯಿತು. ಮತ್ತೊಂದು ಹಾಳೆಯಲ್ಲಿ ಶಿಕ್ಷೆಯ ತೀರ್ಪು ಬರೆದು ನೋಡಿದ. ಓದು ಬರಹ ಇಲ್ಲದ ಹೆಂಗಸು ಇಂಥ ಸಣ್ಣಪುಟ್ಟ ಮಾತಿನಲ್ಲಿ ತಪ್ಪುವುದು ಸಹಜ, ಹೆಂಡತಿ ಗಂಡನ ಪರ ಹೇಳುವುದೂ ಸಹಜ, ಮೈದುನನ ಮಾತು ನಂಬುವಂತಿದೆ. ಅದೂ ಸರಾಗವಾಗಿ ಬಂತು. ಅದರಲ್ಲೂ ಕುಂದಿರಲಿಲ್ಲ.

ಎರಡು ಹಾಳೆಗಳನ್ನೂ ಎದುರಿಗಿಟ್ಟುಕೊಂಡು ಅವನು ಬಹಳ ಹೊತ್ತು ಕೂತ. ಕಾರಣಗಳು ಮೊದಲು ಬರುತ್ತವೆ, ಆಮೇಲೆ ತೀರ್ಪು ಎಂದು ನಂಬಿ ಕಾಯ್ದೆ ಓದಿದವನು ಅವನು. ಇಲ್ಲಿ ನೋಡಿದರೆ ಕಾರಣಗಳು ಕರೆದ ಕಡೆಗೆ ಕುರಿಗಳ ಹಾಗೆ ಬರುತ್ತಿದ್ದವು. ಎರಡನ್ನೂ ಹರಿದು ಹಾಕಿದ.

ಶನಿವಾರ ರೈಲು ಹತ್ತಿ ಬೀದರಿಗೆ ಬಂದವನು ಮನೆಗೆ ಹೋಗುವ ಮೊದಲು ಅಲ್ಲೇ ಪಕ್ಕದ ಮೈಲೂರಿಗೆ ಹೋದ. ಅಲ್ಲಿ ರಶೀದ ಅಹ್ಮದ ಎಂಬ ನಿವೃತ್ತ ಮುನ್ಸೀಫರಿದ್ದರು. ಗೋರಖನಾಥ ಎಳೆಯ ವಕೀಲನಾಗಿದ್ದಾಗ ಅವರ ಕೋರ್ಟಿನಲ್ಲೇ ಕೆಲಸ ಕಲಿತದ್ದು. ಅಂಗಳದ ಪೇರಲ ಗಿಡದ ಕೆಳಗೆ ಮಂಚ ಹಾಕಿಸಿಕೊಂಡು ಕೂತಿದ್ದರು. ಚಹಾ ಬಂತು.

"ಒಂದು ಮುಕದ್ದಮಾ ಬ್ಯಾರೆ ಕೋರ್ಟಿಗಿ ಕಳಸ್ರಿ ಅಂತ ಮ್ಯಾಲಿನವರಿಗಿ ಬರೀಬೇಕಂತೀನ್ರಿ ಸಾಹೇಬ," ಎಂದ ಗೋರಖನಾಥ.

"ಯಾಕ? ಫಿರ್ಯಾದಿ ನಿಮ್ಮ ಪೈಕಿಯವರೇನು?"

"ಸಂಬಂಧ ಏನಿಲ್ರಿ. ಸಮಾಜ ಒಂದೇ. ಆಕಿ ಬಾಯಿ ತೆಗಿಯೂದರಾಗೇ ನಾ ನಂಬಿಬಿಟ್ಟೆ. ಆಮ್ಯಾಲ, ನಂಬಿದೆನಲ್ಲಾ ಅಂತ ಅಂಜಿ, ಯಾರಿಗೂ ಕೇಳಲಾರದಷ್ಟು ಆಕೀಗಿ ಕೇಳ್ದೆ. ಮೊದಲಿಂದು ತಪ್ಪೋ, ಆಮ್ಯಾಲಿಂದು ತಪ್ಪೋ, ಈಗ ಏನೂ ತಿಳೀವಲ್ದು."

ರಶೀದ ಅಹ್ಮದರು ಬಸಿಗೆ ಚಹಾ ಸುರುವಿಕೊಂಡು ಊದಿದರು.

"ಯಾರ ಕಡಿ ಕಳಸ್ತೀರಿ? ಅವರ ಮನಿಯೊಳಗ ಬಾವಿ ಇಲ್ಲೇನು? ಅವರ ತಾಯಿ ಯಾರಿಗರೆ ನೀರು ಹಾಕಿರ್ತಾಳ, ಇಲ್ಲಾ ನಿಲ್ಲಿಸಿರ್ತಾಳ. ಅದನ್ನ ಮನಿಯಾಗಿಟ್ಟು ಕೋರ್ಟಿಗಿ ಬರ್ತಾರೇನು? ನೀವು ಕಳಿಸಿದ್ದು ಯಾಕ ಅಂತ ಅವರು ಕೇಳಿದ್ರ, ನಾನು ಆ ಜಾತಿಯವ ಅಂತೀರಿ. ಹಾಂಗಾದ್ರ ಉಳಿದವರು ಯಾವ ಜಾತಿಯವರೂ ಅಲ್ಲೇನು?"

"ಮತ್ತ ನೀವು ಹ್ಯಾಂಗ ಮಾಡ್ತಿದ್ರಿ ಸಾಹೇಬ?"

ಮುದುಕರು ತುಸು ನಕ್ಕರು. "ನಾ ಇದನ್ನ ವಿಚಾರಾನೇ ಮಾಡ್ಲಿಲ್ಲ. ಕೆಲಸ ಸಸಾರ ಆಯ್ತು."

ಸಮಾಧಾನ ಹುಡುಕಿಕೊಂಡು ಬಂದವನು ಇನ್ನಷ್ಟು ಗೋಜಲು ಹೊತ್ತುಕೊಂಡು ಮನೆಗೆ ನಡೆದ. ಜಿಜಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಅಲ್ಲೇ ಮಣೆ ಹಾಕಿಕೊಂಡು ಕೂತ. ರೊಟ್ಟಿಯ ಜೊತೆ ಕಡಲೆಹಿಟ್ಟಿನ ಝುಣಕ ಬಡಿಸಿದಳು. ಎರಡು ತುತ್ತು ತಿಂದು ಕೇಳಿದ.

"ಆಯಿ, ನಾ ಸಣ್ಣಾವ ಇದ್ದಾಗ ಬಾವಿ ಹತ್ರ ನಿನ್ನ ಕೊಡ ಒಡದನಲ್ಲ, ಆ ಗಂಡಸು ಯಾರಂವ?"

"ಯಾವ ಗಂಡಸು?"

"ಬಡಿಗಿ ಹಿಡಕೊಂಡಿದ್ದ ನೋಡು. ಎತ್ತರದಂವ."

ಜಿಜಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಯಾವ ಬಡಿಗಿಯೋ ಮಾರಾಯಾ? ನೀ ಸೀರಿ ಜಗ್ಗಿದಿ, ನಾ ಎಡವಿದೆ. ಕೊಡ ಒಡೀತು. ಯಾರೂ ಇದ್ದಿದ್ದಿಲ್ಲ ಅಲ್ಲಿ. ಯಾರರೆ ಇದ್ದಿದ್ರ ನೀರರೆ ಲಗೂ ಸಿಗ್ತಿತ್ತು."

"ಮತ್ತ ನೀ ಅಳ್ತಿದ್ದಿ. ನನಗ ನೆನಪದ."

"ಅಳ್ಲಾರದೆ ಏನು ಮಾಡ್ಲಿ? ನಸಿಕಿಗಿ ಹೋಗಿದ್ದೆ. ಹೊತ್ತು ನೆತ್ತಿಗಿ ಬಂದಿತ್ತು. ಯಾರರೆ ಬರಲಿ, ಒಂದು ಕೊಡ ಹಾಕಲಿ ಅಂತ ನಿಂತು ನಿಂತು ಕಾಲು ಸೋತು ಹೋಗಿದ್ದುವು. ಕಣ್ಣೆದುರಿಗೆ ನೀರು, ಮುಟ್ಟಲಿಕ್ಕಿ ಬರಂಗಿಲ್ಲ. ಆಮ್ಯಾಲ ಒಬ್ಬಾಕಿ ಬಂದು ಹಾಕಿದ್ಲು, ಮನಿಗಿ ತರೂದರಾಗ ನೀ ಎಡವಿಸಿದಿ." ಅವಳ ದನಿ ಏರಿತು. "ಅದು ಬಿಟ್ಟು ಕೊಡದ್ದೇನು ಕೇಳ್ತಿ? ಕೊಡ ಸಂತ್ಯಾಗ ಮತ್ತೊಂದು ಸಿಗ್ತದ."

ಗೋರಖನಾಥನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಆ ಎತ್ತರದ ಗಂಡಸು ಎಲ್ಲಿಂದ ಬಂದ? ಬೇರೆ ಯಾವಾಗಲೋ ಕಂಡವನೋ, ಯಾರೋ ಹೇಳಿದ ಕತೆಯವನೋ, ತಾನೇ ಹುಟ್ಟಿಸಿಕೊಂಡವನೋ? ಅಥವಾ ಮರೆತದ್ದು ತಾಯಿಯೇ ಇರಬಹುದೇ? ಅವಳ ನೆನಪೇ ಸರಿ, ತನ್ನದು ತಪ್ಪು ಎನ್ನುವುದಕ್ಕೂ ಸಾಕ್ಷಿ ಇಲ್ಲವಲ್ಲ. ಇಪ್ಪತ್ತೈದು ವರ್ಷ ಎದೆಯಲ್ಲಿ ನಿಂತಿದ್ದ ಮನುಷ್ಯ ಒಂದೇ ಮಾತಿಗೆ ಅಲುಗಾಡತೊಡಗಿದ್ದ. ಆದರೂ ಬಡಿಗೆ ಮಾತ್ರ ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ ಅವನಿಗೆ ಒಂದು ಮಾತು ಹೊಳೆಯಿತು. ಕೋರ್ಟಿನಲ್ಲಿ ಅವನು ಕೇಳಿದ್ದೆಲ್ಲ ಕೊಡದ ಮಾತು. ಅವನು ಕೇಳಿದನೆಂದು ವಕೀಲರೂ ಅದನ್ನೇ ಕೇಳಿದ್ದರು. ಕಾಯ್ದೆ ಕೇಳುವುದು ಮುಖ್ಯವಾಗಿ ಕೊಡವನ್ನಲ್ಲ. ಅವಳನ್ನು ನೀರು ಸೇದದಂತೆ ತಡೆದರೋ ಇಲ್ಲವೋ ಎಂಬುದನ್ನು. ಫಿರ್ಯಾದಿನಲ್ಲಿ ಅದು ಮೊದಲನೇ ಸಾಲಿನಲ್ಲೇ ಇತ್ತು. ತನ್ನ ತಲೆಯೊಳಗಿನ ಚೂರುಗಳನ್ನೇ ಅವನು ಎಕಂಬಾದ ಆಚೆಯ ಆ ಬಾವಿಯ ಸುತ್ತ ಹುಡುಕಿದ್ದ.

ಮುಂದಿನ ತಾರೀಖಿಗೆ ತೀರ್ಪು ಓದುವ ಬದಲು ಅವನು ಇಬ್ಬರನ್ನೂ ಮತ್ತೆ ಕರೆಸಿದ. ಹಣಮಂತಪ್ಪ ರುಮಾಲು ತೆಗೆದು ನಿಂತ.

"ಹಣಮಂತಪ್ಪ, ತಗರಿನ ಮಾತು ಬಿಡು. ಅವತ್ತ ಕುರಿ ಇದ್ದಿದ್ದಿಲ್ಲ ಅಂತ ತಿಳಕೋ. ಈಕಿ ಹಗ್ಗ ಬಿಟ್ಟು ನೀರು ಸೇದ್ತಿದ್ಲೇನು?"

ಮುನೀರೋದ್ದೀನರು ತಟ್ಟನೆ ಎದ್ದರು. "ಹುಜೂರ್, ಮಾಫಿ. ಆರೋಪಿಗಿ ಅವನ ಬಾಯಿಂದನೇ ಸಿಗಿಸಲಿಕ್ಕಿ ಬರಂಗಿಲ್ಲ."

"ಮನಸ್ಸಿಲ್ಲಂದ್ರ ಅವನು ಉತ್ತರ ಕೊಡೂದು ಬ್ಯಾಡ," ಎಂದ ಗೋರಖನಾಥ. ಹಾಗೆಂದು ಹಣಮಂತಪ್ಪನಿಗೂ ತಿಳಿಸಿ ಹೇಳಿದ. ಆದರೆ ಹಣಮಂತಪ್ಪನಿಗೆ ಉತ್ತರ ಕೊಡದಿರಲು ಕಾರಣವೇ ಕಾಣಲಿಲ್ಲ.

"ಆಕಿ ಸೇದೂದು ಎಲ್ಲಿ ಬರ್ತದ್ರಿ ಸಾಹೇಬ? ಅವರು ಆ ಕಡಿ ಕಲ್ಲಿನ ಹತ್ರ ನಿಲ್ತಾರ, ನಾವು ಹಾಕ್ತೇವಿ. ಬ್ಯಾರೆಯವರು ಹೊತ್ತು ಮುಳುಗೂತನಾ ನಿಲ್ಲಿಸ್ತಾರ್ರಿ. ನಾ ಹಾಂಗ ಮಾಡಂಗಿಲ್ಲ. ಕುರೀಗಿ ಹಾಕೂದಕ್ಕಿಂತ ಮೊದಲ ಇವರಿಗಿ ಹಾಕ್ತೇನಿ. ಬೇಕಾದ್ರ ಆಕೀನೇ ಕೇಳ್ರಿ."

ಗೋರಖನಾಥ ಅಂಜನಾಬಾಯಿಯ ಕಡೆ ತಿರುಗಿದ. ಅವಳು ಹೌದೆಂದು ಗೋಣು ಹಾಕಿದಳು. "ಅದು ಖರೇ ಅದರಿ. ನಮ್ಮ ವಾಡಿಯೊಳಗ ಇವನೊಬ್ಬನೇ ಬೈಲಾರದೆ ಹಾಕಾಂವ."

"ಮತ್ತ ಅವತ್ತ?"

"ಅವತ್ತ ಹಾಕಿಸ್ಕೋಬಾರದು ಅಂತನೇ ಹೋಗಿದ್ದೆರಿ. ದೀಕ್ಷಾ ತಗೊಂಡಿದ್ದೆ. ನಾನೇ ಸೇದ್ತೇನಿ ಅಂದೆ. ಆಗ ಈತ ಅಡ್ಡ ನಿಂತ."

"ಅಡ್ಡ ನಿಂತೆ ಖರೇರಿ," ಹಣಮಂತಪ್ಪ ತಾನಾಗಿಯೇ ಹೇಳಿದ. "ನಾ ಹಾಕ್ತೇನಲ್ಲ, ನೀ ಯಾಕ ಮುಂದ ಬರ್ತಿ ಅಂದೆ. ಆಕಿ ಕೇಳ್ಲಿಲ್ಲ. ಊರಾಗ ಯಾರರೆ ನೋಡಿದ್ರ ಆಕಿಗೇ ಹೊಡೀತಿದ್ರು. ಅಷ್ಟರಾಗ ಕುರಿ ನುಗ್ಗಿದ್ವು."

ಮುನೀರೋದ್ದೀನರು ಹಣೆ ಒತ್ತಿಕೊಂಡು ಕೂತರು. ಹಣಮಂತಪ್ಪನಿಗೆ ಮಾತ್ರ ತಾನು ಏನು ಹೇಳಿದೆನೆಂದು ತಿಳಿದಿರಲಿಲ್ಲ. ಇಷ್ಟು ದಿನದ ಮೇಲೆ ಯಾರೋ ನೆಟ್ಟಗೆ ಕೇಳಿದರಲ್ಲ ಎಂಬ ನಿರಾಳ ಅವನ ಮುಖದಲ್ಲಿತ್ತು.

ಗೋರಖನಾಥನಿಗೆ ಆಗ ಗೆದ್ದಂತೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಿಜ ಸಿಕ್ಕಿತು, ಸರಿ. ಆದರೆ ತಾನು ನಿಜ ಹುಡುಕಿಕೊಂಡು ಹೋದದ್ದೋ, ಅವಳ ಪರವಾಗಿ ಒಂದು ದಾರಿ ಹುಡುಕಿಕೊಂಡು ಹೋದದ್ದೋ? ಮೊದಲ ದಿನ ಅವಳಿಗೆ ಮಾಡಿದ್ದನ್ನು ತೊಳೆದುಕೊಳ್ಳಲು ಈ ಪ್ರಶ್ನೆ ಕೇಳಿದೆನೋ? ಆ ವಾಡಿಯಲ್ಲಿ ನೀರೇ ಹಾಕದವರು ಒಬ್ಬರೂ ಕಟಕಟೆಗೆ ಬಂದಿಲ್ಲ. ಬಂದವನು ಹಾಕುತ್ತಿದ್ದವನೊಬ್ಬನೇ.

ಕೊಡ ಒಡೆದದ್ದು ಸಾಬೀತಾಗಿಲ್ಲ, ತಡೆದದ್ದು ಸಾಬೀತಾಗಿದೆ ಎಂದು ತೀರ್ಪು ಕೊಟ್ಟ. ಸಣ್ಣ ದಂಡ ಹಾಕಿದ. ಹಣಮಂತಪ್ಪ ತೀರ್ಪನ್ನು ಎರಡು ಸಲ ಹೇಳಿಸಿಕೊಂಡ. ಕೊಡ ನಾ ಒಡದಿಲ್ಲ ಅಂತ ಅವರೇ ಅಂತಾರ, ಮತ್ತ ದಂಡ ಯಾಕ ಎಂದು ಹೆಂಡತಿಯನ್ನು ಕೇಳುತ್ತಾ ಹೊರಗೆ ಹೋದ. ಅಂಜನಾಬಾಯಿ ಹೋಗುವ ಮೊದಲು ಬಾಗಿಲ ಬಳಿ ನಿಂತಳು.

"ಸಾಹೇಬ, ತಗರು ಹಾಯ್ದದ್ದಲ್ರಿ ಅದು. ಕೊಡ ಅವನೇ ಒಡದಾನ. ನನ್ನ ಆಣಿ."

ಪೇಶಕಾರ ಮುಂದಿನ ಮುಕದ್ದಮೆ ಕೂಗಿದ.

ಮಳೆಗಾಲದ ನಡುವಿನಲ್ಲಿ ಬೀದರಿನಿಂದ ಅಪೀಲಿನ ತೀರ್ಪು ಬಂತು. ಆರೋಪಿಯನ್ನು ಪ್ರಶ್ನಿಸಿ ಸಾಕ್ಷ್ಯದ ಕೊರತೆ ತುಂಬುವುದು ಮ್ಯಾಜಿಸ್ಟ್ರೇಟರ ಕೆಲಸವಲ್ಲ, ಶಿಕ್ಷೆ ರದ್ದು ಎಂದಿತ್ತು. ಗೋರಖನಾಥನ ಜಾತಿಯ ಸುದ್ದಿ, ಮನಸ್ಸಿನ ಸುದ್ದಿ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಕಾಯ್ದೆಯ ಪ್ರಕಾರ ಅದು ಸರಿಯಾದ ತೀರ್ಪೇ ಎಂದು ಗೋರಖನಾಥನಿಗೂ ಅನ್ನಿಸಿತು. ತಾನು ಬರೆದದ್ದೂ ಸರಿಯೇ ಇತ್ತು ಎಂದೂ ಅನ್ನಿಸಿತು. ಅವನು ಅದನ್ನು ಮುಕದ್ದಮೆಯ ಕಡತಕ್ಕೆ ಸೇರಿಸಿ ಕಪಾಟಿನಲ್ಲಿಡಿಸಿದ.

ಜೋಳ ಮೊಣಕಾಲುದ್ದ ಬೆಳೆದಾಗ ಅವನು ಔರಾದಕ್ಕೆ ಕ್ಯಾಂಪಿಗೆ ಹೊರಟ. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಕಂಬಳಿ ಹೊದ್ದ ಮನುಷ್ಯ ಹಿಂಡನ್ನು ಬದಿಗೆ ಒತ್ತುತ್ತಾ ತಲೆ ಎತ್ತಿದ. ಹಣಮಂತಪ್ಪ. ಗುರುತು ಹಿಡಿದು ಕಿಟಕಿಯ ಹತ್ತಿರ ಬಂದು ಕೈ ಮುಗಿದ. ಗೋರಖನಾಥ ಇಳಿದು ಬಂದ.

"ಆರಾಮ ಇದ್ದೀರೇನ್ರಿ ಸಾಹೇಬ?"

"ಆರಾಮ. ನಿಂದು?"

"ನಡದದರಿ." ಕಂಬಳಿ ಹೆಗಲಿಗೆ ಎಳೆದುಕೊಂಡು ಕೇಳಿದ, "ಒಂದು ಮಾತು ಕೇಳ್ಲೇನ್ರಿ? ನಿಮ್ಮ ಕೋರ್ಟಿನ್ಯಾಗ ನಾ ತಪ್ಪು ಮಾಡೀನಿ ಅಂದ್ರಿ. ಬೀದರದಾಗ ತಪ್ಪಿಲ್ಲ ಅಂದ್ರು. ನಾ ಹೇಳಿದ್ದು ಒಂದೇ ಮಾತದ. ಅಡ್ಡ ನಿಂತದ್ದು ಖರೇ. ಅದು ತಪ್ಪೋ ಅಲ್ಲೋ?"

"ತಪ್ಪು," ಎಂದ ಗೋರಖನಾಥ. ಅದೊಂದು ಮಾತ್ರ ತಡವರಿಸದೆ ಬಂತು.

"ಹಾಂಗಾದ್ರ ಅವರು ಬಿಟ್ಟದ್ದು ಯಾಕ್ರಿ?"

"ನಾ ಕೇಳಿದ ರೀತಿ ತಪ್ಪಂತ ಬಿಟ್ಟಾರ."

"ನೀವು ಕೇಳಿದ್ದು ತಪ್ಪೇನ್ರಿ ಮತ್ತ?"

"ಅದು ನನಗೂ ಪೂರಾ ತಿಳಿದಿಲ್ಲ, ಹಣಮಂತಪ್ಪ."

ಸಾಹೇಬರು ಚೇಷ್ಟೆ ಮಾಡುತ್ತಿದ್ದಾರೋ ಏನೋ ಎಂದು ಹಣಮಂತಪ್ಪ ಅವನ ಮುಖ ನೋಡಿದ. ಚೇಷ್ಟೆಯಲ್ಲ ಎಂದು ಖಾತ್ರಿಯಾದ ಮೇಲೆ ಅವನೂ ಗೊಂದಲಕ್ಕೆ ಬಿದ್ದ. ಬಸ್ಸಿನವನು ಭೋಂಪು ಒತ್ತಿದ.

"ಬಾವಿ ಹ್ಯಾಂಗದ ಈಗ?" ಗೋರಖನಾಥ ಕೇಳಿದ.

"ಆಕಿ ಸೇದ್ಲಿಕ್ಕಿ ಹತ್ಯಾಳರಿ. ಅವರ ಓಣಿಯವರೂ ಬರ್ತಾರ, ನಾಕೈದು ಮಂದಿ ಕೂಡೇ. ಸುರೂದಾಗ ಊರವರು ಒದರಾಡಿದ್ರು. ಪೋಲೀಸರ ಅಂಜಿಕಿಗಿ ಸುಮ್ಮಾದ್ರು. ನಮ್ಮ ಮನ್ಯಾಕಿ ಆಕಿ ಸಂಗಟ ಮಾತಾಡಂಗಿಲ್ಲ." ಒಂದು ಮರಿ ದಾರಿ ಬಿಟ್ಟು ಹೊಲಕ್ಕೆ ಇಳಿಯುತ್ತಿತ್ತು. ಹಣಮಂತಪ್ಪ ಸೀಟಿ ಹಾಕಿದ. "ನಾ ಮಾತಾಡ್ತೇನ್ರಿ. ಆಕಿ ನನ್ನ ಸಂಗಟ ಮಾತಾಡಂಗಿಲ್ಲ."

ಅಷ್ಟು ಹೇಳಿ ಅವನು ಮರಿಯ ಹಿಂದೆ ಹೊಲಕ್ಕೆ ಇಳಿದ. ಗೋರಖನಾಥ ಬಸ್ಸು ಹತ್ತಿ ಕೂತ. ಔರಾದದಲ್ಲಿ ಅಂದು ಇದ್ದದ್ದು ಒಂದು ಹೊಡೆದಾಟದ ಮುಕದ್ದಮೆ. ಮೊದಲ ಸಾಕ್ಷಿ ಕಟಕಟೆ ಹತ್ತಿದ. ಅವನು ಬಾಯಿ ತೆರೆಯುವ ಮೊದಲೇ ಗೋರಖನಾಥನಿಗೆ ಅವನು ಸುಳ್ಳುಗಾರ ಎನ್ನಿಸಿತು. ಯಾಕೆ ಎನ್ನಿಸಿತೆಂದು ಗೊತ್ತಾಗಲಿಲ್ಲ. ಪೆನ್ನು ಕೆಳಗಿಟ್ಟು, "ಸಾವಕಾಶ ಹೇಳಪಾ, ನಾ ಕೇಳ್ತೇನಿ," ಎಂದ.